ಗೊಬ್ಬರ, ಗುಜರಿ, ಗಾಡಿ: ಮನೆಯ ಯಾವ ಕಸ ಯಾವ ದಾರಿ ಹಿಡಿಯಬೇಕು

ಬೆಂಗಳೂರಿನಲ್ಲಿ ಮನೆ ಕಸ ಹೊರಗೆ ಹೋಗಲು ಮುಖ್ಯವಾಗಿ ಮೂರು ದಾರಿಗಳಿವೆ. ಮನೆಯಲ್ಲೇ ಗೊಬ್ಬರ ಮಾಡಬಹುದು. ಗುಜರಿಗೋ ಒಣ ಕಸದ ಕೇಂದ್ರಕ್ಕೋ ಕೊಡಬಹುದು. ಬೆಳಿಗ್ಗೆ ಬರುವ ಆಟೋ ಟಿಪ್ಪರ್‌ಗೆ ಹಾಕಬಹುದು. ಯಾವ ವಸ್ತುವಿಗೆ ಯಾವ ದಾರಿ ಒಳ್ಳೆಯದು, ಯಾವ ಮನೆಗೆ ಯಾವುದು ಹೊಂದುತ್ತದೆ ಅಂತ ಒಂದೊಂದಾಗಿ ಹೋಲಿಸಿ ನೋಡೋಣ. ಮೈಸೂರು, ಮಂಗಳೂರು, ಹುಬ್ಬಳ್ಳಿ ಕಡೆಯವರಿಗೂ ಹೆಚ್ಚು ಕಡಿಮೆ ಇದೇ ಲೆಕ್ಕ. ಬಕೆಟ್ ಬಣ್ಣ, ಗಾಡಿ ಬರುವ ಹೊತ್ತು ಬೇರೆ ಇರಬಹುದು ಅಷ್ಟೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಸ ಕೊನೆಗೆ ಎಲ್ಲಿ ಸೇರುತ್ತದೆ ಅಂತ ನಿಮಗೆ ಗೊತ್ತಾಗುವ ದಾರಿಯನ್ನೇ ಆದಷ್ಟು ಆರಿಸಿಕೊಳ್ಳಿ. ಸಿಪ್ಪೆ ನಿಮ್ಮ ಕುಂಡದಲ್ಲೇ ಗೊಬ್ಬರವಾದರೆ ಅದು ಕಣ್ಣೆದುರೇ ಇರುತ್ತದೆ. ಹಾಲಿನ ಕವರ್ ಗುಜರಿಯವರ ತಕ್ಕಡಿ ಮೇಲೆ ಕೂತರೆ ಅದಕ್ಕೆ ಮುಂದೆ ಕೊಳ್ಳುವವರಿದ್ದಾರೆ ಅಂತ ಅರ್ಥ. ಗಾಡಿಗೆ ಹಾಕಿದ್ದರ ಮುಂದಿನ ಕಥೆ ಮಾತ್ರ ನಮ್ಮ ಕೈಯಲ್ಲಿಲ್ಲ. ಅದಕ್ಕೇ ಗಾಡಿಗೆ ಉಳಿಯುವುದು ಆದಷ್ಟು ಕಡಿಮೆ ಇರಲಿ, ಉಳಿದಿದ್ದೂ ಬೇರೆ ಬೇರೆಯಾಗಿ ಇರಲಿ.

ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ನಾವು ಬೆರೆಸಿ ಕೊಟ್ಟ ಕಸದ ಪಕ್ಕದಲ್ಲಿ ಜನ ಬದುಕಿದ್ದಾರೆ. ಬೆಂಗಳೂರಿನ ಹೊರಗಿನ ಮಾವಳ್ಳಿಪುರ ಅನ್ನುವ ಹಳ್ಳಿಯವರು ವರ್ಷಗಟ್ಟಲೆ ನಮ್ಮ ನಗರದ ಕಸದ ವಾಸನೆ ಕುಡಿದು ಕೊನೆಗೆ ಗಾಡಿ ತಡೆದರು, 2012ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು. ಆಮೇಲೆ ಹೊರೆ ಮಂಡೂರು ಅನ್ನುವ ಇನ್ನೊಂದು ಹಳ್ಳಿಯ ಮೇಲೆ ಬಿತ್ತು. ಅವರೂ ರಸ್ತೆಗಿಳಿದ ಮೇಲೆ 2014ರ ಕೊನೆಗೆ ಅಲ್ಲೂ ನಿಂತಿತು. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ಮಳೆಗೆ ಕಸದ ಗುಡ್ಡವೇ ಜರಿದು ಪಕ್ಕದ ಮಂದಾರ ಅನ್ನುವ ಜಾಗದ ಮನೆ, ಅಡಿಕೆ ತೋಟಗಳ ಮೇಲೆ ಹರಿದುಹೋಯಿತು. ಆ ಗುಡ್ಡಗಳಲ್ಲಿ ಕೊಳೆತು ನಾರುವುದು, ಕಪ್ಪು ನೀರು ಬಿಡುವುದು, ಮೀಥೇನ್ ಅನಿಲ ಹುಟ್ಟಿಸಿ ಬೆಂಕಿಗೆ ದಾರಿ ಮಾಡುವುದು ಹೆಚ್ಚಾಗಿ ನಮ್ಮ ಅಡುಗೆಮನೆಯಿಂದ ಹೋದ ಹಸಿ ಕಸವೇ.

ಯಾವುದು ಯಾವ ಬುಟ್ಟಿಗೆ

ಬೆಂಗಳೂರಿನ ನಿಯಮ ಸರಳ: ಎರಡು ಬಿನ್, ಒಂದು ಬ್ಯಾಗ್. ಹಸಿ ಕಸಕ್ಕೆ ಹಸಿರು ಬಿನ್, ಮರುಬಳಕೆಗೆ ಹೋಗುವ ಒಣ ಕಸಕ್ಕೆ ಬ್ಯಾಗ್, ಎರಡಕ್ಕೂ ಸೇರದ ಪ್ಯಾಡ್, ಡೈಪರ್, ಬ್ಯಾಂಡೇಜ್‌ಗೆ ಕೆಂಪು ಬಿನ್. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಇದನ್ನು ಕಡ್ಡಾಯ ಮಾಡಿತು. ಕೇಂದ್ರ ಸರ್ಕಾರದ 2016ರ ನಿಯಮಗಳಲ್ಲಿ ಕಸಕ್ಕೆ ಮೂರು ಭಾಗ ಇತ್ತು. 2026ರ ಏಪ್ರಿಲ್ 1ರಿಂದ ಜಾರಿ ಅಂತ ಹೊರಡಿಸಿದ ಹೊಸ ನಿಯಮಗಳಲ್ಲಿ ಅದು ನಾಲ್ಕಾಗಿದೆ: ಹಸಿ, ಒಣ, ಸ್ಯಾನಿಟರಿ, ಮತ್ತೆ ವಿಶೇಷ ಜಾಗ್ರತೆ ಬೇಕಾದ ಕಸ ಅಂದರೆ ಬಲ್ಬು, ಬಣ್ಣದ ಡಬ್ಬ, ಹಳೇ ಔಷಧ, ಥರ್ಮಾಮೀಟರ್ ಇಂಥವು.

ನಿಯಮ ಬಾಯಿಪಾಠ ಮಾಡುವ ಅಗತ್ಯ ಇಲ್ಲ. ವಸ್ತು ಕೈಯಲ್ಲಿ ಹಿಡಿದು ಎರಡೇ ಪ್ರಶ್ನೆ ಕೇಳಿ. ಇದು ಕೊಳೆಯುತ್ತದಾ? ಕೊಳೆಯುವುದಾದರೆ ಹಸಿರು. ಕೊಳೆಯದಿದ್ದರೆ, ಇದನ್ನು ಇನ್ನೊಬ್ಬರು ಬರಿಗೈಯಲ್ಲಿ ಮುಟ್ಟಬಹುದಾ? ಮುಟ್ಟಬಹುದು ಅಂದರೆ ಬ್ಯಾಗ್, ಇಲ್ಲ ಅಂದರೆ ಕೆಂಪು. ಮುಕ್ಕಾಲು ಪಾಲು ಗೊಂದಲ ಇಷ್ಟಕ್ಕೇ ತೀರುತ್ತದೆ. ಎರಡನೇ ಪ್ರಶ್ನೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ, ಯಾಕೆಂದರೆ ನಿಮ್ಮ ಕಸವನ್ನು ಇನ್ನೊಬ್ಬರು ಕೈಯಲ್ಲಿ ಮುಟ್ಟಿಯೇ ಮುಟ್ಟುತ್ತಾರೆ.

ಮೂರರಲ್ಲಿ ಒಂದನ್ನು ಮಾತ್ರ ಸರಿಯಾಗಿ ಮಾಡುವ ಶಕ್ತಿ ಇದೆ ಅಂದರೆ ಹಸಿ ಕಸ ಬೇರೆ ಇಡಿ. ಉಳಿದ ಮೊಸರನ್ನ ನ್ಯೂಸ್‌ಪೇಪರ್ ಮೇಲೆ ಬಿದ್ದರೆ ಆ ಪೇಪರ್ ಗುಜರಿಗೆ ಬೇಡ. ಅದೇ ಅನ್ನದಲ್ಲಿ ಶಾಂಪೂ ಪ್ಯಾಕೆಟ್ ಸೇರಿದರೆ ಗೊಬ್ಬರಕ್ಕೂ ಬೇಡ. ಎರಡೂ ಹಾಳು.

ಹಸಿ ಕಸ: ಗಾಡಿಗೋ, ಮನೆಯಲ್ಲೇ ಗೊಬ್ಬರವೋ

ಗಾಡಿಗೆ ಕೊಡುವುದು ಎಲ್ಲಕ್ಕಿಂತ ಸುಲಭ. ಮೂಳೆ, ಮೀನಿನ ಮುಳ್ಳು, ಎಣ್ಣೆ ಪದಾರ್ಥ, ಹಳಸಿದ ಸಾರು ಎಲ್ಲಾ ಹೋಗುತ್ತದೆ. ಎರಡೇ ಷರತ್ತು. ನೀರು ಬಸಿದು ಹಾಕಿ, ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಬೇಡಿ. ಕವರ್ ಗಂಟು ಬಿಚ್ಚಿ ಸುರಿಯಲು ಗಾಡಿ ಜೊತೆ ಬರುವ ಹೆಣ್ಣುಮಗಳಿಗೆ ಒಂದೊಂದು ಮನೆ ಮುಂದೆ ಎಷ್ಟು ಹೊತ್ತು ಬೇಕು ಯೋಚಿಸಿ. ಬಿಚ್ಚದೆ ಹಾಗೇ ಹಾಕಿದರೆ ಅದು ಗೊಬ್ಬರದ ಘಟಕದಲ್ಲಿ ಚೂರು ಚೂರಾಗಿ ಗೊಬ್ಬರದೊಳಗೇ ಸೇರುತ್ತದೆ. ನಗರದ ಕಸದಿಂದ ಗೊಬ್ಬರ ಮಾಡುವ ಕೆಲಸ ನಮ್ಮಲ್ಲಿ ಹೊಸದಲ್ಲ. ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಶುರುವಾಗಿದ್ದು 1975ರಲ್ಲಿ. ಆದರೆ ಗಾಜಿನ ಚೂರು, ಪ್ಲಾಸ್ಟಿಕ್ ಸಿಗುವ ಗೊಬ್ಬರವನ್ನು ಯಾವ ರೈತ ತಾನೇ ಹೊಲಕ್ಕೆ ಹಾಕುತ್ತಾನೆ? ಬಿನ್ ಒಳಗೆ ಒಂದು ಹಾಳೆ ಪೇಪರ್ ಹಾಸಿದರೆ ಸಾಕು, ಅಂಟಿಕೊಳ್ಳುವುದಿಲ್ಲ, ಅದೂ ಕೊಳೆಯುತ್ತದೆ.

ಅಂಗಡಿಯಲ್ಲಿ ಸಿಗುವ ಹಸಿರು ಬಣ್ಣದ ‘ಕಾಂಪೋಸ್ಟೆಬಲ್’ ಬ್ಯಾಗ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅದು ದೊಡ್ಡ ಘಟಕದ ಬಿಸಿಯಲ್ಲಿ ಕರಗುವಂತೆ ಮಾಡಿದ್ದು. ಮನೆ ಕುಂಡದಲ್ಲಿ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ. ಗಾಡಿಯವರಿಗೆ ಅದಕ್ಕೂ ಮಾಮೂಲಿ ಪ್ಲಾಸ್ಟಿಕ್‌ಗೂ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಸುಮ್ನೆ ದುಡ್ಡು ದಂಡ. ಬಿನ್ ತೊಳೆದು ಬಳಸಿ.

ಇನ್ನು ಮನೆಯಲ್ಲೇ ಗೊಬ್ಬರ. ಇದರಲ್ಲೇ ನಾಲ್ಕೈದು ವಿಧ ಇವೆ, ಒಂದೊಂದೂ ಒಂದೊಂದು ಮನೆಗೆ.

ಮಣ್ಣಿನ ಕುಂಡಗಳನ್ನು ಒಂದರ ಮೇಲೊಂದು ಇಡುವ ‘ಕಂಬ’ ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತು. 2006ರಲ್ಲಿ ಇಲ್ಲೇ ಶುರುವಾದ ಡೈಲಿ ಡಂಪ್ ಅನ್ನುವ ಸಂಸ್ಥೆಯವರು ಇದನ್ನು ಮನೆಮಾತು ಮಾಡಿದರು. ಬಾಲ್ಕನಿ ಇರುವ ಯಾವ ಮನೆಗೂ ನನ್ನ ಮೊದಲ ಆಯ್ಕೆ ಇದೇ. ಕೆಲಸ ದಿನಕ್ಕೆ ಐದು ನಿಮಿಷ. ಮೇಲಿನ ಕುಂಡಕ್ಕೆ ಆ ದಿನದ ಸಿಪ್ಪೆ, ಕಾಫಿ ಚರಟ, ಹುಣಸೆ ಚರಟ, ಕರಿಬೇವಿನ ಕಡ್ಡಿ ಹಾಕಿ. ಮೇಲೆ ಅದು ಕಾಣದಷ್ಟು ಒಣ ಎಲೆಯನ್ನೋ ತೆಂಗಿನ ನಾರಿನ ಪುಡಿಯನ್ನೋ ಉದುರಿಸಿ. ಎರಡು ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕಿ. ಮೊದಲ ಸಲ ಒಂದು ಹಿಡಿ ಹಳೇ ಗೊಬ್ಬರವೋ, ಸ್ವಲ್ಪ ಹುಳಿ ಮಜ್ಜಿಗೆಯೋ, ಸಗಣಿ ನೀರೋ ಹಾಕಿದರೆ ಬೇಗ ಹಿಡಿಯುತ್ತದೆ. ಕುಂಡ ತುಂಬಿದಾಗ ಕೆಳಕ್ಕೆ ಇಳಿಸಿ ಖಾಲಿ ಕುಂಡ ಮೇಲಕ್ಕೆ ತನ್ನಿ. ಎರಡು ಮೂರು ತಿಂಗಳಲ್ಲಿ ಕೆಳಗಿನದು ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆ ಬಿದ್ದ ನೆಲದ ವಾಸನೆ ಬರುವ ಗೊಬ್ಬರವಾಗುತ್ತದೆ.

ವಾಸನೆ ಬರುತ್ತದೆ ಅಂತ ಹೆದರಿ ಬಿಡುವವರೇ ಜಾಸ್ತಿ. ವಾಸನೆ ಬರಲು ಕಾರಣ ಒಂದೇ, ನೀರು ಹೆಚ್ಚು ಒಣದ್ದು ಕಡಿಮೆ. ಗೊಬ್ಬರ ಮಾಡುವ ಸೂಕ್ಷ್ಮಾಣುಗಳಿಗೆ ಇಂಗಾಲ ಒಂದು 30 ಪಾಲು ಇದ್ದರೆ ಸಾರಜನಕ ಒಂದು ಪಾಲು ಬೇಕು. ತರಕಾರಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಬರೀ ಸಿಪ್ಪೆ ಹಾಕಿದರೆ ಆ ಹೆಚ್ಚಿನ ಸಾರಜನಕವೇ ಅಮೋನಿಯಾ ಆಗಿ ಮೂಗಿಗೆ ಬಡಿಯುತ್ತದೆ. ಲೆಕ್ಕ ಹಾಕಿ ಕೂರಬೇಡಿ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿಯಾಗಿದೆ. ನೀರು ಸುರಿದರೆ ಒಣ ಎಲೆ ಹಾಕಿ. ಹಿಂಡಿದ್ದು ಉಂಡೆ ನಿಲ್ಲದೆ ಉದುರಿದರೆ ಸ್ವಲ್ಪ ನೀರು ಚಿಮುಕಿಸಿ. ದಪ್ಪ ಬೂದು ಬಣ್ಣದ ಹುಳುಗಳು ಕಂಡರೆ ಗಾಬರಿ ಬೇಡ. ಅವು ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿಗಳು, ಕಸವನ್ನು ನಮಗಿಂತ ಬೇಗ ಮುಗಿಸುತ್ತವೆ. ಬೇಡ ಅನ್ನಿಸಿದರೆ ಒಣದ್ದು ಹೆಚ್ಚು ಮಾಡಿ, ತಾವಾಗೇ ಕಡಿಮೆಯಾಗುತ್ತವೆ.

ಒಣ ಎಲೆ ಎಲ್ಲಿಂದ ತರುವುದು ಅಂತ ಕೇಳಿದರೆ, ಬೆಂಗಳೂರಿನ ಬೀದಿಯಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಬೇಕಾದಷ್ಟು ಬಿದ್ದಿರುತ್ತದೆ. ಎರಡು ಮೂಟೆ ತುಂಬಿಟ್ಟುಕೊಳ್ಳಿ. ಆ ಎಲೆಗೆ ಬೆಂಕಿ ಇಡುವುದಕ್ಕಿಂತ ಇದು ಸಾವಿರ ಪಾಲು ಮೇಲು. ಅದನ್ನು ಸುಡುವುದು ನಿಯಮಕ್ಕೂ ವಿರುದ್ಧ, ಅಕ್ಕಪಕ್ಕದ ಮಕ್ಕಳ ಎದೆಗೂ ಕೇಡು.

ಬೊಕಾಶಿ ಅಂತ ಜಪಾನಿನ ವಿಧಾನ ಒಂದಿದೆ. ಗಾಳಿ ಹೋಗದ ಡಬ್ಬದಲ್ಲಿ ಕಸ ಹಾಕಿ, ಸೂಕ್ಷ್ಮಾಣು ಬೆರೆಸಿದ ತವುಡು ಉದುರಿಸಿ, ಮುಚ್ಚಳ ಬಿಗಿ ಮಾಡಿ ಇಡುವುದು. ಡಬ್ಬ ತುಂಬಿದ ಮೇಲೆ ಎರಡು ವಾರ ಬಿಟ್ಟರೆ ಉಪ್ಪಿನಕಾಯಿಯ ಹಾಗೆ ಹುಳಿಯುತ್ತದೆ. ಬೇಯಿಸಿದ ಅನ್ನ, ಪಲ್ಯ, ಸ್ವಲ್ಪ ಮಾಂಸದ ಚೂರೂ ನಡೆಯುತ್ತದೆ. ಅಡುಗೆಮನೆ ಮೂಲೆಯಲ್ಲೇ ಇಡಬಹುದು, ನೊಣ ಬರುವುದಿಲ್ಲ. ತೊಂದರೆ ಏನು ಅಂದರೆ ಇಲ್ಲಿಗೆ ಕೆಲಸ ಮುಗಿಯುವುದಿಲ್ಲ. ಹುಳಿತ ಕಸವನ್ನು ಮಣ್ಣಿನಲ್ಲಿ ಹೂಳಬೇಕು, ಇಲ್ಲ ಕಂಬಕ್ಕೆ ಹಾಕಬೇಕು. ತವುಡನ್ನು ಮತ್ತೆ ಮತ್ತೆ ಕೊಳ್ಳಬೇಕು ಅಥವಾ ಮಾಡಿಕೊಳ್ಳಬೇಕು. ಮಣ್ಣೇ ಇಲ್ಲದ ಫ್ಲ್ಯಾಟ್‌ನವರಿಗೆ ಇದೊಂದನ್ನೇ ನಂಬಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಕಂಬದ ಜೊತೆಗೆ ಇಟ್ಟುಕೊಂಡರೆ ಒಳ್ಳೆಯ ಜೋಡಿ.

ಎರೆಹುಳು ಗೊಬ್ಬರ ಗುಣದಲ್ಲಿ ಎಲ್ಲಕ್ಕಿಂತ ಮೇಲು. ಆದರೆ ಹುಳು ಸಾಕುವುದು ಅಂದರೆ ಜೀವ ಸಾಕುವುದು. ನಿಂಬೆ ಸಿಪ್ಪೆ, ಉಪ್ಪು, ಖಾರ, ಎಣ್ಣೆ ಹಾಕುವ ಹಾಗಿಲ್ಲ. ನಮ್ಮ ಅಡುಗೆಯಲ್ಲಿ ಉಳಿಯುವುದೇ ಅದು ಅಲ್ವಾ? ಬಿಸಿಲು ತಾಗಬಾರದು, ಒಣಗಬಾರದು, ಇರುವೆ ಮುತ್ತಬಾರದು. ರಾಯಚೂರು, ಕಲಬುರಗಿ ಬೇಸಿಗೆಯಲ್ಲಿ ತಾರಸಿ ಮೇಲೆ ಇಟ್ಟರೆ ಬದುಕುವುದಿಲ್ಲ. ನೆರಳಿನ ಹಿತ್ತಿಲು, ಸಗಣಿ ಸಿಗುವ ಊರು ಇದ್ದರೆ ಮಾಡಿ, ಇಲ್ಲದಿದ್ದರೆ ಬೇಡ.

ಸ್ವಂತ ಮನೆ, ಸ್ವಲ್ಪ ಮಣ್ಣು ಇರುವವರಿಗೆ ಪೈಪ್ ಕಾಂಪೋಸ್ಟ್ ಅಗ್ಗದ ದಾರಿ. ಎಂಟು ಇಂಚು ಅಗಲದ ಪಿವಿಸಿ ಪೈಪನ್ನು ಒಂದಡಿ ಹೂತು ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ಕಸ, ಸ್ವಲ್ಪ ಸಗಣಿ ನೀರು ಹಾಕಿ ಮುಚ್ಚುವುದು. ಎರಡು ಪೈಪ್ ಇದ್ದರೆ ಒಂದು ತುಂಬಿದಾಗ ಇನ್ನೊಂದು. ಕೇರಳದಲ್ಲಿ ಇದು ತುಂಬಾ ಬಳಕೆಯಲ್ಲಿದೆ. ದೊಡ್ಡ ಹಿತ್ತಿಲು ಇದ್ದವರಿಗಂತೂ ಅಜ್ಜನ ಕಾಲದ ತಿಪ್ಪೆಗುಂಡಿಗಿಂತ ಬೇರೆ ಏನೂ ಬೇಡ, ಪ್ಲಾಸ್ಟಿಕ್ ಬೀಳದ ಹಾಗೆ ನೋಡಿಕೊಂಡರೆ ಆಯಿತು. ಗೋಬರ್ ಗ್ಯಾಸ್ ಥರದ ಸಣ್ಣ ಘಟಕಗಳೂ ಇವೆ, ದಿನಾ ತಪ್ಪದೆ ಒಂದಷ್ಟು ಕೆಜಿ ಕಸ ಹುಟ್ಟುವ ಹಾಸ್ಟೆಲ್, ಹೋಟೆಲ್, ಅಪಾರ್ಟ್‌ಮೆಂಟ್‌ಗೆ ಸರಿ. ಮೂರು ಜನರ ಮನೆಗೆ ಬೇಡ.

ಒಣ ಕಸ: ಮೂವರು ತೆಗೆದುಕೊಳ್ಳುವವರು

ಇಲ್ಲಿ ಹೋಲಿಕೆ ಬೇರೆ ಥರ. ವಸ್ತು ಮರುಬಳಕೆ ಆಗುತ್ತದಾ ಅನ್ನುವುದು ಪ್ಯಾಕೆಟ್ ಮೇಲಿನ ಬಾಣದ ಗುರುತಿನಿಂದ ತೀರ್ಮಾನ ಆಗುವುದಿಲ್ಲ. ಅದನ್ನು ಕೊಳ್ಳುವವರು ಇದ್ದಾರಾ ಅನ್ನುವುದರಿಂದ ಆಗುತ್ತದೆ.

ಗುಜರಿಯವರು ದುಡ್ಡು ಬರುವುದನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ರದ್ದಿ ಪೇಪರ್, ರಟ್ಟು, ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ, ಗಟ್ಟಿ ಪ್ಲಾಸ್ಟಿಕ್, ಹಾಲಿನ ಕವರ್, ಬಿಯರ್ ಬಾಟಲಿ. ಇವು ಅವರ ಕೈಗೆ ಹೋದರೆ ಮರುಬಳಕೆ ಆಗುವುದು ಬಹುತೇಕ ಖಚಿತ, ಯಾಕೆಂದರೆ ದುಡ್ಡು ಕೊಟ್ಟು ಕೊಂಡದ್ದನ್ನು ಯಾರೂ ಎಸೆಯುವುದಿಲ್ಲ. ಅಲ್ಯೂಮಿನಿಯಂ ಡಬ್ಬವನ್ನಂತೂ ದಯವಿಟ್ಟು ಕಸಕ್ಕೆ ಹಾಕಬೇಡಿ. ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕೆ ಹೋಲಿಸಿದರೆ ಹಳೆಯದನ್ನು ಕರಗಿಸಲು ಬೇಕಾಗುವ ಶಕ್ತಿ ಸುಮಾರು 5 ಪರ್ಸೆಂಟ್ ಅಷ್ಟೇ.

ಗುಜರಿಯವರು ಬೇಡ ಅನ್ನುವುದಕ್ಕೆ ವಾರ್ಡಿನ ಒಣ ಕಸ ಸಂಗ್ರಹಣಾ ಕೇಂದ್ರ ಇದೆ. ಇವುಗಳಲ್ಲಿ ಹಲವನ್ನು ಒಂದು ಕಾಲಕ್ಕೆ ಬೀದಿಯಲ್ಲಿ ಚೀಲ ಹೊತ್ತು ಕಸ ಆಯುತ್ತಿದ್ದವರೇ ನಡೆಸುತ್ತಾರೆ. 2011ರಲ್ಲಿ ಬೆಂಗಳೂರಿನಲ್ಲಿ ಕಸ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು. ಹಸಿರು ದಳದಂಥ ಸಂಘಟನೆಗಳು ಅವರ ಜೊತೆ ನಿಂತವು. ಒಮ್ಮೆ ಅಲ್ಲಿ ಹೋಗಿ ನಿಂತು ನೋಡಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಮೂಟೆ ಸುರಿದ ಕೂಡಲೇ ಕೈ ಓಡುತ್ತದೆ. ಪೆಟ್ ಬಾಟಲಿ ಒಂದು ಕಡೆ, ಅದರ ಮುಚ್ಚಳ ಇನ್ನೊಂದು ಕಡೆ, ಎಚ್‌ಡಿ, ಎಲ್‌ಡಿ, ಪಿಪಿ ಅಂತ ಒಂದೊಂದು ಜಾತಿ ಪ್ಲಾಸ್ಟಿಕ್‌ಗೆ ಬೇರೆ ಬೇರೆ ಚೀಲ. ಅವರು ತಳದಲ್ಲಿರುವ ನಂಬರ್ ನೋಡುವುದೇ ಇಲ್ಲ, ಬೆರಳಲ್ಲಿ ಅದುಮಿದಾಗ ಬರುವ ಸದ್ದಿನಲ್ಲೇ ಯಾವ ಪ್ಲಾಸ್ಟಿಕ್ ಅಂತ ಹೇಳುತ್ತಾರೆ. ಆ ಕೈಗೆ ನಮ್ಮ ಮನೆಯ ಹಳಸಿದ ಸಾಂಬಾರಿನ ಕವರ್ ಅಂಟಬಾರದು. ನಾನು ಇಷ್ಟುದ್ದ ಬರೆಯುತ್ತಿರುವುದಕ್ಕೆ ಅದೇ ಕಾರಣ.

ನಮಗೆ ನಂಬರ್ ಸಹಾಯ ಮಾಡುತ್ತದೆ. 1 ಅಂದರೆ ಪೆಟ್, ನೀರಿನ ಬಾಟಲಿ. 2 ಎಚ್‌ಡಿ, ಶಾಂಪೂ, ಫಿನೈಲ್ ಡಬ್ಬ. 4 ಎಲ್‌ಡಿ, ಹಾಲಿನ ಕವರ್ ಥರದ ಮೆತ್ತನೆಯದು. 5 ಪಿಪಿ, ಪಾರ್ಸೆಲ್ ಊಟದ ಡಬ್ಬ. ಈ ನಾಲ್ಕಕ್ಕೆ ಕೊಳ್ಳುವವರು ಇದ್ದಾರೆ, ತೊಳೆದಿದ್ದರೆ ಮಾತ್ರ. 3 ಪಿವಿಸಿ, 6 ಥರ್ಮೋಕೋಲ್ ಜಾತಿ, 7 ಉಳಿದ ಎಲ್ಲಾ ಬೆರಕೆ. ಈ ಮೂರನ್ನು ಮನೆಯೊಳಗೇ ಕಡಿಮೆ ತನ್ನಿ. ಥರ್ಮೋಕೋಲ್ ಬಹುಪಾಲು ಬರೀ ಗಾಳಿ, ಸಾಗಿಸುವ ಖರ್ಚೂ ಹುಟ್ಟುವುದಿಲ್ಲ.

ಹಾಲಿನ ಕವರ್ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ದಿನಾ ಪ್ರತಿ ಮನೆಯಲ್ಲೂ ಇದು ಇದ್ದೇ ಇದೆ. ಮೂಲೆಯನ್ನು ಪೂರ್ತಿ ಕತ್ತರಿಸಿ ಆ ಪುಟ್ಟ ತ್ರಿಕೋನದ ಚೂರನ್ನು ಸಿಂಕಿನ ಪಕ್ಕ ಬಿಡುತ್ತೇವೆ. ಅದು ಸಿಪ್ಪೆ ಜೊತೆ ಹಸಿರು ಬಿನ್‌ಗೆ ಹೋಗುತ್ತದೆ, ಅಲ್ಲಿಂದ ಗೊಬ್ಬರಕ್ಕೆ, ಗೊಬ್ಬರದಿಂದ ಮಣ್ಣಿಗೆ. ಅಷ್ಟು ಚಿಕ್ಕದನ್ನು ಆಯಲು ಯಾರಿಗೂ ಆಗುವುದಿಲ್ಲ. ಅದರ ಬದಲು ಮೂಲೆ ಕೆಳಗೆ ಅರ್ಧ ಮಾತ್ರ ಸೀಳಿ, ಚೂರು ಕವರ್‌ಗೇ ಅಂಟಿಕೊಂಡಿರಲಿ. ಹಾಲು ಬಗ್ಗಿಸಿದ ಮೇಲೆ ಅರ್ಧ ಲೋಟ ನೀರು ಹಾಕಿ ಕುಲುಕಿ, ಆ ನೀರು ಗಿಡಕ್ಕೆ ಹಾಕಿ, ಕವರ್ ಅಗಲಿಸಿ ಗೋಡೆ ಟೈಲ್ಸ್‌ಗೆ ಅಂಟಿಸಿಬಿಡಿ. ಸಂಜೆಗೆ ಒಣಗಿ ತಾನೇ ಬೀಳುತ್ತದೆ. ತಿಂಗಳಿಗೊಮ್ಮೆ ಕಟ್ಟು ಕಟ್ಟಿ ಗುಜರಿಗೆ ಕೊಡಿ. ತೊಳೆಯದೆ ಕೂಡಿಟ್ಟರೆ ಎರಡೇ ದಿನಕ್ಕೆ ಹುಳಿ ವಾಸನೆ, ಆಮೇಲೆ ಯಾರೂ ಮುಟ್ಟುವುದಿಲ್ಲ.

ಚಿಪ್ಸ್, ಬಿಸ್ಕತ್ತು, ಶಾಂಪೂ ಸ್ಯಾಷೆ ಇವುಗಳ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಪದರ, ಅಲ್ಯೂಮಿನಿಯಂ ಪದರ ಒಂದಕ್ಕೊಂದು ಅಂಟಿರುವುದರಿಂದ ಬೇರೆ ಮಾಡುವುದು ಕಷ್ಟ, ಗುಜರಿಗೆ ಬೇಡವೇ ಬೇಡ. ಶುಚಿಯಾಗಿ ಒಣ ಕಸದಲ್ಲಿ ಕೊಟ್ಟರೆ ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಕಲ್ಲಿದ್ದಲಿನ ಬದಲು ಉರಿಯುತ್ತದೆ. ಅದು ಮರುಬಳಕೆ ಅಲ್ಲ, ಗುಡ್ಡ ಸೇರುವುದಕ್ಕಿಂತ ವಾಸಿ ಅಷ್ಟೆ. ಜ್ಯೂಸಿನ ಟೆಟ್ರಾ ಪ್ಯಾಕ್ ಅದಕ್ಕಿಂತ ಮೇಲು. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಪೇಪರ್, ನಾರು ಬಿಡಿಸಿ ತೆಗೆಯುವ ಕಾರ್ಖಾನೆಗಳು ಇವೆ. ತೊಳೆದು, ಮೂಲೆ ಬಿಡಿಸಿ ಚಪ್ಪಟೆ ಮಾಡಿ ಕೇಂದ್ರಕ್ಕೆ ಕೊಡಿ.

ಮೂರನೆಯದು ಗಾಡಿ. ವಾರದಲ್ಲಿ ಒಂದೆರಡು ದಿನ ಒಣ ಕಸ ತೆಗೆದುಕೊಳ್ಳುತ್ತಾರೆ. “ಬೇರೆ ಮಾಡಿ ಕೊಟ್ಟರೂ ಅವರು ಒಟ್ಟಿಗೆ ಸುರಿಯುತ್ತಾರೆ, ನಾವ್ಯಾಕೆ ಮಾಡಬೇಕು?” ಅಂತ ಕೇಳುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಕೆಲವು ಕಡೆ ಹಾಗೆ ಆಗುತ್ತದೆ, ಸುಳ್ಳಲ್ಲ. ಅದಕ್ಕೆ ಉತ್ತರ ಮನೆಯಲ್ಲೂ ಬೆರೆಸುವುದಲ್ಲ. ಹಸಿ ಕಸ ಕುಂಡಕ್ಕೆ, ಒಣದ್ದು ಗುಜರಿಗೆ ಮತ್ತೆ ಕೇಂದ್ರಕ್ಕೆ ಹೋದರೆ ಗಾಡಿಯವರು ಬೆರೆಸಲು ನಿಮ್ಮದು ಏನೂ ಉಳಿಯುವುದಿಲ್ಲ. ಆಮೇಲೆ ನಾಲ್ಕು ಮನೆಯವರು ಸೇರಿ ದೂರು ಕೊಡಿ, ಆ ದೂರಿಗೆ ತೂಕ ಇರುತ್ತದೆ.

ಕೆಂಪು ಬಿನ್

ಪ್ಯಾಡ್, ಡೈಪರ್‌ಗಳನ್ನು ನ್ಯೂಸ್‌ಪೇಪರ್‌ನಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಗುರುತು ಹಾಕಿ. ಗುರುತು ನೋಡಿದರೆ ಕಸ ಬಿಡಿಸುವವರು ಬಿಚ್ಚುವುದಿಲ್ಲ. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿದರೆ ಒಳಗೇನಿದೆ ಅಂತ ಬಿಚ್ಚಲೇಬೇಕಾಗುತ್ತದೆ. ಡೈಪರ್ ಮನೆಯ ಗೊಬ್ಬರಕ್ಕೆ ಎಂದೂ ಬೇಡ, ಒಳಗಿನ ನೀರು ಹೀರುವ ಪುಡಿ ಕೊಳೆಯುವುದಿಲ್ಲ. ಗುಡಿಸಿದ ಧೂಳು, ಕೂದಲು, ಉಗುರು ಕೂಡ ಇದಕ್ಕೇ.

ಈ ಬಿನ್‌ಗೆ ಹೋಗಿದ್ದಕ್ಕೆ ಮುಂದೆ ಒಳ್ಳೆಯ ದಾರಿಯೇ ಇಲ್ಲ, ಸುಡಬೇಕು ಇಲ್ಲ ಹೂಳಬೇಕು. ಹಾಗಾಗಿ ಇಲ್ಲಿ ಹೋಲಿಸಬೇಕಾದ್ದು ಅಂಗಡಿಯಲ್ಲೇ. ಮುಟ್ಟಿನ ಕಪ್ ಒಂದು ಕೊಂಡರೆ ವರ್ಷಗಟ್ಟಲೆ ಬರುತ್ತದೆ. ಹೊಂದುವುದಿಲ್ಲ ಅನ್ನುವವರಿಗೆ ತೊಳೆದು ಬಳಸುವ ಬಟ್ಟೆ ಪ್ಯಾಡ್ ಇದೆ. ಮಗುವಿಗೆ ಮನೆಯಲ್ಲಿದ್ದಾಗ ಬಟ್ಟೆ, ಹೊರಗೆ ಹೋದಾಗ ಡೈಪರ್ ಅಂತ ಮಾಡಿಕೊಂಡರೂ ಅರ್ಧ ಕಡಿಮೆ. ಇದು ಅವರವರ ಮೈಗೆ, ಅನುಕೂಲಕ್ಕೆ ಬಿಟ್ಟದ್ದು, ಯಾರ ಮೇಲೂ ಒತ್ತಾಯ ಬೇಡ.

ಅಪಾಯದ ವಸ್ತುಗಳನ್ನು ಕೆಂಪು ಬಿನ್‌ಗೂ ಸುಮ್ನೆ ಹಾಕಬೇಡಿ. ಸಿಎಫ್‌ಎಲ್ ಬಲ್ಬು, ಟ್ಯೂಬ್‌ಲೈಟ್‌ನಲ್ಲಿ ಪಾದರಸ ಇದೆ, ಒಡೆಯದೆ ಹಳೇ ರಟ್ಟಿನ ಡಬ್ಬದಲ್ಲೇ ಇಟ್ಟು ಬೇರೆ ಕೊಡಿ. ಫೋನಿನ, ಪವರ್ ಬ್ಯಾಂಕಿನ ಲಿಥಿಯಂ ಬ್ಯಾಟರಿ ಗಾಡಿಯಲ್ಲಿ ಜಜ್ಜಿದರೆ ಬೆಂಕಿ ಹತ್ತುತ್ತದೆ. ಬ್ಯಾಟರಿ, ಇ-ತ್ಯಾಜ್ಯ ಎರಡಕ್ಕೂ 2022ರ ನಿಯಮಗಳಿವೆ, ಹಳೆಯದನ್ನು ವಿಲೇವಾರಿ ಮಾಡುವ ಹೊಣೆ ತಯಾರಕರದ್ದು. ಹೊಸದು ಕೊಳ್ಳುವಾಗ ಹಳೆಯದನ್ನು ವಾಪಸ್ ತೆಗೆದುಕೊಳ್ಳುತ್ತೀರಾ ಅಂತ ಅಂಗಡಿಯಲ್ಲಿ ಕೇಳಿ. ಇ-ತ್ಯಾಜ್ಯವನ್ನು ನೋಂದಾಯಿತ ಮರುಬಳಕೆದಾರರಿಗೇ ಕೊಡಿ. ಇಲ್ಲಿ ಮಾತ್ರ ಗುಜರಿ ಬೇಡ ಅನ್ನುತ್ತೇನೆ, ಎಷ್ಟೋ ಕಡೆ ತಾಮ್ರಕ್ಕಾಗಿ ವೈರ್ ಸುಡುತ್ತಾರೆ, ಆ ಹೊಗೆ ವಿಷ. ಇನ್ಸುಲಿನ್ ಸೂಜಿಗಳನ್ನು ಗಟ್ಟಿ ಬಾಟಲಿಯಲ್ಲಿ ತುಂಬಿ ಮುಚ್ಚಳ ತಿರುಗಿಸಿ, ಮೇಲೆ ‘ಸೂಜಿ’ ಅಂತ ಬರೆದು ಕೊಡಿ. ಒಡೆದ ಗಾಜಿಗೂ ಹಾಗೇ, ದಪ್ಪ ಪೇಪರ್‌ನಲ್ಲಿ ಸುತ್ತಿ ‘ಗಾಜು’ ಅಂತ ಬರೆಯಿರಿ. ಕನ್ನಡದಲ್ಲೂ ತಮಿಳಿನಲ್ಲೂ ಬರೆದರೆ ಇನ್ನೂ ಒಳ್ಳೆಯದು. ಓದಲು ಬಾರದವರಿಗೆ ಬಾಯಲ್ಲೇ ಹೇಳಿ ಕೈಗೆ ಕೊಡಿ.

ಜಗಳ ಹಚ್ಚುವ ವಸ್ತುಗಳು

ಪೇಪರ್ ಕಪ್ ಹಸಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಒಳಗೆ ತೆಳ್ಳನೆ ಪ್ಲಾಸ್ಟಿಕ್ ಪದರ ಇದೆ, ತೊಳೆದು ಒಣ ಕಸಕ್ಕೆ. ಪಿಜ್ಜಾ ಡಬ್ಬದ ಎಣ್ಣೆ ಹತ್ತಿದ ತಳ ಹರಿದು ಕುಂಡಕ್ಕೆ, ಶುಚಿಯಾದ ಮುಚ್ಚಳ ರದ್ದಿಗೆ. ಊಟ ಮಾಡಿ ಕೈ ಒರೆಸಿದ ಟಿಶ್ಯೂ ಹಸಿ, ಮೂಗು ಒರೆಸಿದ್ದು ಕೆಂಪು. ಅಂಗಡಿ ಬಿಲ್ಲಿನ ನುಣುಪು ಚೀಟಿ ರದ್ದಿಗೂ ಬೇಡ, ಕುಂಡಕ್ಕೂ ಬೇಡ, ಅದಕ್ಕೆ ರಾಸಾಯನಿಕದ ಲೇಪ ಇದೆ. ಮೊಟ್ಟೆ ಸಿಪ್ಪೆ ಪುಡಿ ಮಾಡಿ ಕುಂಡಕ್ಕೆ ಹಾಕಿ. ತೆಂಗಿನ ನಾರು ಬಿಡಿಸಿ ಹಾಕಿದರೆ ಒಣ ಎಲೆಯ ಕೆಲಸ ಮಾಡುತ್ತದೆ. ಕರಟ ಮಾತ್ರ ವರ್ಷವಾದರೂ ಹಾಗೇ ಇರುತ್ತದೆ. ನೀರೊಲೆ ಇದ್ದವರು ಒಲೆಗೆ ಹಾಕಿ, ಇಲ್ಲದವರು ಕೂಡಿಟ್ಟು ಬೇರೆಯಾಗಿ ಗಾಡಿಗೆ ಕೊಡಿ. ಹಳೇ ಬಟ್ಟೆ ಉಡುವಂತಿದ್ದರೆ ಯಾರಿಗಾದರೂ ಕೊಡಿ, ಉಡುವಂತಿಲ್ಲದ ಹತ್ತಿ ಸೀರೆ ಒರೆಸುವ ಬಟ್ಟೆಯಾಗಲಿ.

ಯಾವ ಮನೆಗೆ ಯಾವುದು

ಒಂದು ರೂಮಿನ ಬಾಡಿಗೆ ಮನೆ, ಬಾಲ್ಕನಿ ಇಲ್ಲ, ಇಬ್ಬರೂ ಕೆಲಸಕ್ಕೆ ಹೋಗುವವರು: ಗೊಬ್ಬರದ ತಲೆನೋವು ಬೇಡ. ಸಣ್ಣ ಮುಚ್ಚಳದ ಬಿನ್‌ನಲ್ಲಿ ಹಸಿ ಕಸ, ಬಾಗಿಲ ಹಿಂದೆ ಒಂದು ಚೀಲ ತೂಗುಹಾಕಿ ಒಣ ಕಸ. ಗಾಡಿ ಹೊತ್ತಿಗೆ ಮನೆಯಲ್ಲಿ ಇರುವುದಿಲ್ಲ ಅಂದರೆ ಪಕ್ಕದ ಮನೆಯವರ ಜೊತೆ ಒಂದು ಮಾತು ಆಡಿಕೊಳ್ಳಿ, ರಸ್ತೆ ಮೂಲೆಗೆ ಇಡಬೇಡಿ. ಇಂದು ಒಬ್ಬರು ಇಟ್ಟ ಒಂದು ಕವರ್ ನಾಳೆಗೆ ಕಸದ ರಾಶಿ.

ಬಾಲ್ಕನಿ ಇರುವ ಫ್ಲ್ಯಾಟ್: ಕಂಬ, ಮತ್ತೆ ಗುಜರಿ. ಅನ್ನ ಸಾರು ಜಾಸ್ತಿ ಉಳಿಯುವ ಮನೆಯಾದರೆ ಬೊಕಾಶಿ ಡಬ್ಬ ಒಂದು. ದೊಡ್ಡ ಅಪಾರ್ಟ್‌ಮೆಂಟ್ ಆದರೆ ಸಂಘದ ಸಭೆಯಲ್ಲಿ ಎಲ್ಲರಿಗೂ ಒಂದೇ ಗೊಬ್ಬರದ ಘಟಕ ಕೇಳಿ, ತಲೆಗೊಂದರಂತೆ ಮಾಡುವುದಕ್ಕಿಂತ ಅಗ್ಗ, ಹೌಸ್‌ಕೀಪಿಂಗ್‌ನವರಿಗೆ ಅದಕ್ಕೆ ಹೆಚ್ಚುವರಿ ಸಂಬಳ ಕೊಡಿಸಿ. ಸ್ವಂತ ಮನೆ, ಮಣ್ಣು ಇರುವವರಿಗೆ ಪೈಪು ಅಥವಾ ಗುಂಡಿ. ವಯಸ್ಸಾದವರು ಇಬ್ಬರೇ ಇದ್ದರೆ ಬಗ್ಗಿ ಕುಂಡ ಇಳಿಸುವುದು ಕಷ್ಟ, ಅವರಿಗೆ ಮೊಣಕಾಲೆತ್ತರದ ಕಟ್ಟೆ ಮೇಲೆ ಒಂದೇ ಬಕೆಟ್, ಸುತ್ತ ತೂತು ಕೊರೆದು, ಸಾಕು.

ಹಬ್ಬದ ಕಸಕ್ಕೆ ಮೊದಲೇ ಸ್ವಲ್ಪ ಯೋಚನೆ ಇರಲಿ. ಆಯುಧಪೂಜೆ ಮಾರನೆ ದಿನ ಬೆಂಗಳೂರಿನ ರಸ್ತೆಯಲ್ಲಿ ಒಡೆದ ಬೂದುಗುಂಬಳ, ಬಾಳೆಕಂದು, ಮಾವಿನ ಸೊಪ್ಪು ರಾಶಿ ಬಿದ್ದಿರುತ್ತದೆ, ಗಾಡಿಗಳಿಗೂ ಹೊರೆ. ಹೂವಿನ ಹಾರದ ದಾರ, ಜರಿ ಕಿತ್ತು ಹೂವನ್ನು ಕುಂಡಕ್ಕೆ ಹಾಕಿ. ಕುಂಬಳದಲ್ಲಿ ಕುಂಕುಮ ಹತ್ತಿದ ಭಾಗ ತೆಗೆದು ಉಳಿದದ್ದನ್ನು ಹೋಳು ಮಾಡಿ ಹಾಕಿ. ಬಾಳೆಕಂದು ಬಹುಪಾಲು ನೀರೇ, ಇಡೀ ಹಾಕಿದರೆ ಕುಂಡವೆಲ್ಲ ಕೆಸರು. ಬಿಲ್ಲೆ ಬಿಲ್ಲೆ ಕೊಯ್ದು ಎರಡು ದಿನ ಬಿಸಿಲಿಗೆ ಬಾಡಿಸಿ, ಆಮೇಲೆ ಒಣ ಎಲೆಯ ಜೊತೆ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹಾಕಿ. ಸಂದಿಯಲ್ಲಿ ಕಲ್ಲು, ಕಬ್ಬಿಣದ ತಂತಿ ಸಿಕ್ಕಿಕೊಂಡಿದೆಯಾ ಅಂತ ಕೊಯ್ಯುವ ಮೊದಲು ನೋಡಿಕೊಳ್ಳಿ.